ಗುಳ್ಳೆ ಎಲ್ಲಿ ಹೋಗಿ ಕೂರುತ್ತದೆ?

ಮಜ್ದಾ ಕಂಪನಿಯ 13ಬಿ ಎಂಜಿನ್ನನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರೆ ಎಣಿಸುವುದಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ, ವಾಲ್ವ್ ಇಲ್ಲ, ವಾಲ್ವ್ ಎತ್ತುವ ಕ್ಯಾಮ್ ಇಲ್ಲ. ಬದಿ ಉಬ್ಬಿದ ತ್ರಿಕೋನದ ಎರಡು ರೋಟರುಗಳು, ಅವು ಸುತ್ತುವುದಕ್ಕೆ ನಡು ಹಿಸುಕಿದ ಅಂಡಾಕಾರದ ಎರಡು ಮನೆಗಳು, ಎಲ್ಲದರ ಮಧ್ಯೆ ಹಾದುಹೋಗುವ ಒಂದು ಶಾಫ್ಟ್. ಇಷ್ಟರಲ್ಲೇ ಕೆಲಸ ಮುಗಿಯಿತು. ಫೆಲಿಕ್ಸ್ ವಾಂಕೆಲ್‌ನ ಈ ರೋಟರಿ ಎಂಜಿನ್ನಿನ ಕಲ್ಪನೆ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ 1957ರ ಫೆಬ್ರುವರಿ 1ರಂದು ಮೊದಲ ಸಲ ಓಡಿತು. ಜಪಾನಿನ ಮಜ್ದಾ ಅದನ್ನು ಪಳಗಿಸಿ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರಿಗೆ ಕೂರಿಸಿತು. 1991ರಲ್ಲಿ ನಾಲ್ಕು ರೋಟರಿನ ಮಜ್ದಾ 787ಬಿ ಕಾರು ಲೆ ಮಾನ್ ರೇಸ್ ಗೆದ್ದಿತು. (ಮೊದಲ ಮಹಾಯುದ್ಧದ ನೋಮ್, ಲೆ ರೋನ್ ವಿಮಾನ ಎಂಜಿನ್ನುಗಳಿಗೂ ರೋಟರಿ ಎಂದೇ ಹೆಸರು. ಅವುಗಳಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರ್ ಜೊತೆ ಗಿರ್ರೆಂದು ತಿರುಗಿ, ಗಾಳಿಗೆ ತಣ್ಣಗಾಗುತ್ತಿದ್ದವು. ಅವುಗಳ ಕತೆಯೇ ಬೇರೆ.)

ಅಮೆರಿಕದಲ್ಲಿ ವಿಮಾನವನ್ನು ಮನೆಯ ಗ್ಯಾರೇಜಿನಲ್ಲೇ ಕಟ್ಟುವ ಹವ್ಯಾಸಿಗಳ ದೊಡ್ಡ ಬಳಗವಿದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿದ್ದರೆ ಆ ವಿಮಾನಕ್ಕೆ ಸರ್ಕಾರ ಪ್ರಾಯೋಗಿಕ ವರ್ಗದಲ್ಲಿ ಪರವಾನಗಿ ಕೊಡುತ್ತದೆ. ಅವರಲ್ಲಿ ಬಹುಪಾಲು ಜನ ಗಾಳಿಯಿಂದ ತಣ್ಣಗಾಗುವ ಲೈಕಮಿಂಗ್ ಎಂಜಿನ್ ಕೊಂಡು ತಂದು ನೆಮ್ಮದಿಯಾಗಿರುತ್ತಾರೆ. ಹಟಮಾರಿಗಳ ಸಣ್ಣ ಗುಂಪೊಂದು ಮಾತ್ರ ಮಜ್ದಾದ ಹಳೆಯ ಆರ್‌ಎಕ್ಸ್-7 ಕಾರಿನ 13ಬಿ ಎಂಜಿನ್ನನ್ನು ಹುಡುಕಿಕೊಂಡು ಹೋಗುತ್ತದೆ. ಅದು ಅಗ್ಗ, ಗಾತ್ರದಲ್ಲಿ ಚಿಕ್ಕದು, ಮುರಿಯುವ ಭಾಗಗಳು ಕಡಿಮೆ. ಶಾಫ್ಟ್ ನಿಮಿಷಕ್ಕೆ 6,000 ಸುತ್ತು ತಿರುಗುವುದನ್ನು ಗೇರಿನಿಂದ ಪ್ರೊಪೆಲ್ಲರ್ ತಾಳುವ 2,700ರ ಆಸುಪಾಸಿಗೆ ಇಳಿಸಿದರೆ 160 ಅಶ್ವಶಕ್ತಿ ಸಲೀಸಾಗಿ ಸಿಗುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಎಂಜಿನ್ ಮಜ್ದಾದ ಇಂಜಿನಿಯರುಗಳು ವರ್ಷಗಟ್ಟಲೆ ಒರೆಗೆ ಹಚ್ಚಿದ್ದು. ಅದನ್ನು ತಣ್ಣಗಿಡುವ ಪೈಪು, ಟ್ಯಾಂಕು, ರೇಡಿಯೇಟರುಗಳ ವ್ಯವಸ್ಥೆಯಾದರೋ ಕಾರಿನಲ್ಲೇ ಉಳಿದುಹೋಯಿತು. ವಿಮಾನದಲ್ಲಿ ಅದನ್ನು ಕಟ್ಟುವವನು ತಾನೇ ಹೊಸದಾಗಿ ಊಹಿಸಿ ಮಾಡಬೇಕು. ಕಷ್ಟಗಳು ಶುರುವಾಗುವುದೇ ಇಲ್ಲಿಂದ, ಮತ್ತು ಆ ಕಷ್ಟಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದು ಗುಳ್ಳೆ.

ಮೊದಲು ಕಾವಿನ ಲೆಕ್ಕ ನೋಡೋಣ. 160 ಅಶ್ವಶಕ್ತಿ ಎಂದರೆ ಸುಮಾರು 120 ಕಿಲೋವ್ಯಾಟ್. ಅಷ್ಟು ಶಕ್ತಿ ಶಾಫ್ಟಿಗೆ ಬರಬೇಕಾದರೆ ಎಂಜಿನ್ ಗಂಟೆಗೆ ಸುಮಾರು 50 ಲೀಟರ್ ಪೆಟ್ರೋಲ್ ಸುಡುತ್ತದೆ. ಆ ಪೆಟ್ರೋಲಿನಲ್ಲಿರುವ ಶಕ್ತಿ ಹೆಚ್ಚು ಕಡಿಮೆ 450 ಕಿಲೋವ್ಯಾಟ್. ಕಾಲು ಭಾಗಕ್ಕಿಂತ ತುಸು ಹೆಚ್ಚು ಪ್ರೊಪೆಲ್ಲರಿಗೆ, ಅರ್ಧದಷ್ಟು ಎಕ್ಸಾಸ್ಟಿನಲ್ಲಿ ಹೊರಕ್ಕೆ, ಉಳಿದ 110 ಕಿಲೋವ್ಯಾಟ್ ಎಂಜಿನ್ನಿನ ಲೋಹದೊಳಕ್ಕೆ. ಅದನ್ನು ಬಿಡದೆ ಹೊರಗೆ ಸಾಗಿಸುತ್ತಲೇ ಇರಬೇಕು. ರೋಟರಿನ ಹೊಟ್ಟೆಯನ್ನು ತಣಿಸುವುದು ಎಂಜಿನ್ ಆಯಿಲ್. ಹಾಗಾಗಿ ಮೂರನೇ ಒಂದು ಭಾಗ ಆಯಿಲ್ ಕೂಲರಿನ ಪಾಲು, ಉಳಿದ ಎಪ್ಪತ್ತು ಎಪ್ಪತ್ತೈದು ಕಿಲೋವ್ಯಾಟ್ ತಣಿಸುವ ದ್ರವದ, ಅಂದರೆ ಕೂಲಂಟಿನ ಪಾಲು.

ಮೊತ್ತಕ್ಕಿಂತಲೂ ತಲೆನೋವಿನ ಸಂಗತಿ ಈ ಕಾವು ಎಲ್ಲಿ ಬೀಳುತ್ತದೆ ಎಂಬುದು. ಪಿಸ್ಟನ್ ಎಂಜಿನ್ನಿನಲ್ಲಿ ಒಂದೇ ಸಿಲಿಂಡರಿನೊಳಗೆ ಹೊಸ ಗಾಳಿ ಬರುತ್ತದೆ, ಒತ್ತಡಕ್ಕೆ ಸಿಕ್ಕುತ್ತದೆ, ಉರಿಯುತ್ತದೆ, ಹೊರಹೋಗುತ್ತದೆ. ಉರಿದ ಗೋಡೆಯನ್ನು ಮರುಕ್ಷಣದ ತಣ್ಣನೆ ಮಿಶ್ರಣ ತೊಳೆದು ಹೋಗುತ್ತದೆ. ರೋಟರಿಯಲ್ಲಿ ಹಾಗಿಲ್ಲ. ಹೊಸ ಮಿಶ್ರಣ ಬರುವ ಜಾಗ ಯಾವಾಗಲೂ ಒಂದೇ, ಬೆಂಕಿ ಹೊತ್ತುವ ಜಾಗವೂ ಯಾವಾಗಲೂ ಒಂದೇ. ಸ್ಪಾರ್ಕ್ ಪ್ಲಗ್ ಇರುವ ಬದಿಗೆ ತಣ್ಣನೆ ಉಸಿರು ಎಂದೂ ತಾಗುವುದಿಲ್ಲ. ಮನೆಯ ಒಂದು ಮಗ್ಗುಲು ಸದಾ ಬೇಯುತ್ತಿರುತ್ತದೆ, ಇನ್ನೊಂದು ಸದಾ ತಣ್ಣಗಿರುತ್ತದೆ. ಕೂಲಂಟ್ ಹರಿಯುವ ಕಾಲುವೆಗಳು ಪ್ಲಗ್ ಸುತ್ತ ದಟ್ಟವಾಗಿರುವುದು ಅದಕ್ಕೇ.

ಇದರ ಮೇಲೆ ಎಂಜಿನ್ ಕಟ್ಟಿರುವ ರೀತಿಯ ತಾಪತ್ರಯ ಬೇರೆ. ಎರಕದ ಕಬ್ಬಿಣದ ಮೂರು ಪಟ್ಟಿಗಳ ನಡುವೆ ಅಲ್ಯೂಮಿನಿಯಮ್ಮಿನ ಎರಡು ರೋಟರ್ ಮನೆಗಳನ್ನು ಇಟ್ಟು, ಈ ತುದಿಯಿಂದ ಆ ತುದಿಗೆ ಉದ್ದುದ್ದ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಪ್ರತಿ ಸೇರುವೆಯಲ್ಲೂ ಒಳಗೊಂದು ಹೊರಗೊಂದು ರಬ್ಬರಿನ ಉಂಗುರ. ಕೂಲಂಟ್ ಅವೆರಡರ ನಡುವೆಯೇ ಇರಬೇಕು. ಕಾದರೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. ಮಿತಿಯೊಳಗೆ ಕಾದರೆ ತೊಂದರೆಯಿಲ್ಲ. ಮಿತಿ ಮೀರಿದರೆ ಉಂಗುರ ಅಪ್ಪಚ್ಚಿಯಾಗಿ ಗಟ್ಟಿಯಾಗುತ್ತದೆ, ತಣ್ಣಗಾದ ಮೇಲೂ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಆಮೇಲೆ ಉರಿದ ಅನಿಲ ಕೂಲಂಟಿಗೆ ನುಗ್ಗುತ್ತದೆ, ಕೂಲಂಟ್ ಉರಿಯುವ ಕೋಣೆಗೆ ಜಿನುಗುತ್ತದೆ. ಒಂದೇ ಒಂದು ಸಲ ಚೆನ್ನಾಗಿ ಕಾಯಿಸಿದ ರೋಟರಿಯನ್ನು ಬಿಚ್ಚದೆ ಗತ್ಯಂತರವಿಲ್ಲ ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ.

ರೋಟರ್ ಮನೆಯ ಬೇಯುವ ಗೋಡೆಯ ಕಷ್ಟ ಬೆಂಗಳೂರಿಗೂ ಚೆನ್ನಾಗಿ ಗೊತ್ತು. ನಿಶಾಂತ್ ಎಂಬ ಚಾಲಕರಹಿತ ವಿಮಾನಕ್ಕಾಗಿ 55 ಅಶ್ವಶಕ್ತಿಯ ದೇಶೀ ವಾಂಕೆಲ್ ಎಂಜಿನ್ನನ್ನು ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಡಿಆರ್‌ಡಿಒದ ಎರಡು ಪ್ರಯೋಗಾಲಯಗಳ ಜೊತೆ ಸೇರಿ ರೂಪಿಸಿತು. 2009ರ ಏಪ್ರಿಲ್‌ನಲ್ಲಿ ಕೋಲಾರದ ಬಳಿ ಅದು ಮೊದಲ ಸಲ ಹಾರಿತು. ಆ ಎಂಜಿನ್ನಿನಲ್ಲಿ ಎನ್‌ಎಎಲ್ ವಹಿಸಿಕೊಂಡ ಮುಖ್ಯ ಕೆಲಸಗಳಲ್ಲಿ ಒಂದು, ರೋಟರ್ ಉಜ್ಜುವ ಒಳಗೋಡೆಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿದ ಗಟ್ಟಿ ಲೇಪನ ಕೊಡುವುದು. ಗೋಡೆಯ ಒಳಮೈಗೆ ಅಷ್ಟು ಗಟ್ಟಿ ಹೊದಿಕೆ ಬೇಕು, ಹೊರಮೈಯಿಂದ ಕಾವನ್ನು ಎಡೆಬಿಡದೆ ಸೆಳೆಯುತ್ತಲೂ ಇರಬೇಕು.

ಇನ್ನು ಪೈಪುಗಳಿಗೆ ಬರೋಣ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದ ಕೂಲಂಟ್ ಎಂಜಿನ್ನಿನಲ್ಲಿ ಹಾದುಬರುವಾಗ 10 ಡಿಗ್ರಿ ಬಿಸಿಯಾಗಲಿ ಎಂದು ಒಪ್ಪಿಕೊಂಡರೆ, 75 ಕಿಲೋವ್ಯಾಟ್ ಹೊರಲು ಅದು ನಿಮಿಷಕ್ಕೆ ಸುಮಾರು 125 ಲೀಟರ್ ಹರಿಯಬೇಕು. ಸೆಕೆಂಡಿಗೆ ಎರಡು ಲೀಟರಿಗೂ ಹೆಚ್ಚು. ಒಳವ್ಯಾಸ 32 ಮಿಲಿಮೀಟರ್ ಇರುವ ಕೊಳವೆಯಲ್ಲಿ ಅದರ ವೇಗ ಸೆಕೆಂಡಿಗೆ 2.6 ಮೀಟರ್. ಜಾಗ ಸಾಲದು, ತೂಕ ಜಾಸ್ತಿ ಎಂದು 25 ಮಿಲಿಮೀಟರಿನದನ್ನು ಹಾಕಿದಿರೋ, ವೇಗ 4.2 ಮೀಟರಿಗೆ ಏರುತ್ತದೆ. ಒತ್ತಡದ ನಷ್ಟ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಪ್ರತಿಯೊಂದು ತಿರುವೂ ಎರಡೂವರೆ ಪಟ್ಟು ದುಬಾರಿ. ಚೂಪಾದ 90 ಡಿಗ್ರಿ ಮೊಣಕೈ ಒಂದೊಂದೂ ಹತ್ತಿರ ಹತ್ತಿರ 0.1 ಬಾರ್ ನುಂಗುತ್ತದೆ. ಎಂಜಿನ್ನಿನ ಹೊರಗವಚವಾದ ಇಕ್ಕಟ್ಟಿನ ಕೌಲಿಂಗ್ ಒಳಗೆ ನಾಲ್ಕೈದು ಮೊಣಕೈ ಬೇಡವೆಂದರೂ ಸೇರಿಕೊಳ್ಳುತ್ತವೆ.

ಆ ನಷ್ಟ ಪಂಪಿನ ಮುಂದಿದೆಯೋ ಹಿಂದಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪಂಪ್ ತಳ್ಳುವ ಕಡೆ ನಷ್ಟವಾದರೆ ಹರಿವು ಸ್ವಲ್ಪ ತಗ್ಗುತ್ತದೆ, ಅಷ್ಟೆ. ಪಂಪ್ ಹೀರುವ ಕಡೆ ಅಷ್ಟೇ ನಷ್ಟವಾದರೆ ಅದರ ಬಾಯಲ್ಲಿ ಒತ್ತಡ ಕುಸಿದು, ಬಿಸಿ ದ್ರವ ಅಲ್ಲೇ ಕುದಿಯತೊಡಗುತ್ತದೆ. ಪಂಪಿನ ರೆಕ್ಕೆಗಳು ದ್ರವದ ಬದಲು ಆವಿಯನ್ನು ಕಡೆಯುತ್ತವೆ, ಹರಿವು ದಿಢೀರನೆ ಬೀಳುತ್ತದೆ. ಹರಿವು ಬಿದ್ದರೆ ದ್ರವ ಇನ್ನೂ ಕಾಯುತ್ತದೆ, ಕಾದಷ್ಟೂ ಹೆಚ್ಚು ಕುದಿಯುತ್ತದೆ. ಮೆತ್ತನೆ ರಬ್ಬರ್ ಹೋಸ್ ಆಗಿದ್ದರೆ ಹೀರುವ ಕಡೆ ಚಪ್ಪಟೆಯಾಗಿ ದಾರಿಯನ್ನೇ ಮುಚ್ಚಿಬಿಡುವುದೂ ಉಂಟು. ಅದಕ್ಕೇ ಅನುಭವಸ್ಥರು ರೇಡಿಯೇಟರಿನಿಂದ ಪಂಪಿಗೆ ಬರುವ ಪೈಪನ್ನು ದಪ್ಪವಾಗಿ, ಗಿಡ್ಡವಾಗಿ, ನೆಟ್ಟಗೆ ಇಟ್ಟು, ಡೊಂಕುಗಳನ್ನೆಲ್ಲ ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಬಿಸಿ ಕಡೆಗೆ ತಳ್ಳುತ್ತಾರೆ.

ಎತ್ತರ ಏರಿದಂತೆ ಈ ಅಪಾಯ ಬಲಿಯುತ್ತದೆ. ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು 3,000 ಮೀಟರ್ ಎತ್ತರದಲ್ಲಿ 90ಕ್ಕೇ ಕುದಿಯುತ್ತದೆ. ಉಪಾಯ ನಮ್ಮ ಅಡುಗೆಮನೆಯದೇ. ಪ್ರೆಶರ್ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಇಲ್ಲಿ ಸ್ಪ್ರಿಂಗ್ ಇರುವ ಮುಚ್ಚಳ ಮಾಡುತ್ತದೆ, ಒತ್ತಡವೂ ಸರಿಸುಮಾರು ಅಷ್ಟೇ, 1 ಬಾರ್. ಸಮುದ್ರ ಮಟ್ಟದಲ್ಲಿ ಆಗ ನೀರು ಕುದಿಯುವುದು 120 ಡಿಗ್ರಿಗೆ, 3,000 ಮೀಟರಿನಲ್ಲಿ 115ಕ್ಕೆ. ಗ್ಲೈಕಾಲ್ ಸೇರಿದರೆ ಅದಕ್ಕೂ ಮೇಲೆ. ಗ್ಲೈಕಾಲನ್ನು ಬೇಕಾಬಿಟ್ಟಿ ಸುರಿಯುವಂತೆಯೂ ಇಲ್ಲ, ಅದು ನೀರಿನಷ್ಟು ಕಾವು ಹೊರಲಾರದು. ಎರಡನೇ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಮರ್ಲಿನ್ ವಿಮಾನ ಎಂಜಿನ್ನುಗಳಲ್ಲಿ ಶುದ್ಧ ಗ್ಲೈಕಾಲ್ ತುಂಬಿ ನೋಡಿ, ಕೊನೆಗೆ ನೀರೇ ಹೆಚ್ಚಿರುವ ಮಿಶ್ರಣವನ್ನು ಒತ್ತಡದಲ್ಲಿಡುವ ದಾರಿಗೆ ಬಂದರು.

ಮುಚ್ಚಳ ಎಲ್ಲಿರಬೇಕು? ಕಾರು ರಿಪೇರಿ ಮಾಡಿದವರು ಥಟ್ಟನೆ ರೇಡಿಯೇಟರಿನ ಮೇಲೆ ಎನ್ನುತ್ತಾರೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣತನ ಬೇಡುವ ಪ್ರಶ್ನೆ ಇದು. ಸುತ್ತು ಹೊಡೆಯುವ ದ್ರವದಲ್ಲಿ ಒತ್ತಡ ಎಲ್ಲ ಕಡೆ ಒಂದೇ ಇರುವುದಿಲ್ಲ. ಪಂಪ್ ದಾಟಿದ ಕೂಡಲೇ ಅತಿ ಹೆಚ್ಚು, ಎಂಜಿನ್, ರೇಡಿಯೇಟರ್ ಹಾದು ಪಂಪಿಗೆ ಮರಳುವಷ್ಟರಲ್ಲಿ ಅತಿ ಕಡಿಮೆ. ಮುಚ್ಚಳವಿರುವ ಕೂಲಂಟ್ ಟ್ಯಾಂಕನ್ನು ಈ ಸುತ್ತಿನ ಯಾವ ಬಿಂದುವಿಗೆ ಜೋಡಿಸುತ್ತೀರೋ ಆ ಬಿಂದುವಿನ ಒತ್ತಡ ಟ್ಯಾಂಕಿನದೇ ಆಗುತ್ತದೆ, ಉಳಿದ ಜಾಗಗಳು ಅದಕ್ಕೆ ತಕ್ಕಂತೆ ಏರುತ್ತವೆ ಅಥವಾ ಇಳಿಯುತ್ತವೆ. ಟ್ಯಾಂಕನ್ನು ಬಿಸಿ ಕಡೆಗೆ ಜೋಡಿಸಿದರೆ ಪಂಪಿನ ಬಾಯಿ ಟ್ಯಾಂಕಿಗಿಂತ ಕೆಳಗಿನ ಒತ್ತಡಕ್ಕೆ ಜಾರುತ್ತದೆ. ಪಂಪ್ ಜೋರಾಗಿ ತಳ್ಳಿದಾಗ ಮುಚ್ಚಳ ಸುಮ್ಮಸುಮ್ಮನೆ ಬಾಯಿ ತೆರೆದು ಕೂಲಂಟ್ ಚೆಲ್ಲುವುದೂ ಇದೆ. ಟ್ಯಾಂಕಿನ ತಳದಿಂದ ಒಂದು ಪೈಪನ್ನು ನೇರ ಪಂಪಿನ ಬಾಯಿಯ ಪಕ್ಕಕ್ಕೇ ತಂದು ಸೇರಿಸಿದರೋ, ಅತಿ ಕಡಿಮೆ ಒತ್ತಡದ ಜಾಗವೇ ಟ್ಯಾಂಕಿನ ಒತ್ತಡದಲ್ಲಿರುತ್ತದೆ. ಮಿಕ್ಕಿದ್ದೆಲ್ಲ ಅದಕ್ಕಿಂತ ಮೇಲೆ. ಒಂದು ಅಡಿ ಪೈಪಿನ ಜಾಗ ಬದಲಿಸಿದ್ದಕ್ಕೆ ಸಿಗುವ ಲಾಭ ಇದು.

ಟ್ಯಾಂಕಿಗೆ ಇನ್ನೊಂದು ಕೆಲಸವಿದೆ. ಎಷ್ಟೇ ಎಚ್ಚರದಿಂದ ಕೂಲಂಟ್ ತುಂಬಿದರೂ ಒಳಗೆ ಗಾಳಿ ಉಳಿದೇ ಉಳಿಯುತ್ತದೆ. ಪ್ಲಗ್ ಬದಿಯ ಗೋಡೆಯ ಮೇಲೆ ಸಣ್ಣ ಸಣ್ಣ ಆವಿಗುಳ್ಳೆಗಳು ಹುಟ್ಟುತ್ತಲೇ ಇರುತ್ತವೆ. ಹುಟ್ಟಿ, ಹರಿವಿಗೆ ಸಿಕ್ಕಿ, ಅಲ್ಲೇ ಕರಗಿಹೋದರೆ ಒಳ್ಳೆಯದೇ, ಅವು ಕಾವನ್ನು ಬಾಚಿಕೊಂಡು ಹೋಗುತ್ತವೆ. ಹರಿವು ನಿಧಾನವಾಗಿ ಅವು ಒಂದಕ್ಕೊಂದು ಅಂಟಿಕೊಂಡು ಪದರವಾದರೆ ಮಾತ್ರ ಕೆಟ್ಟಿತು. ಆವಿ ಕಾವನ್ನು ದಾಟಿಸುವುದೇ ಇಲ್ಲ ಎನ್ನಬೇಕು, ಅದರ ಹಿಂದಿನ ಲೋಹ ಒಮ್ಮೆಲೇ ಕಾದುಬಿಡುತ್ತದೆ. ಗೇಜು ಮಾತ್ರ 90 ಡಿಗ್ರಿ ಎಂದೇ ತೋರಿಸುತ್ತಿರುತ್ತದೆ, ಏಕೆಂದರೆ ಅದು ಅಳೆಯುವುದು ಹರಿಯುವ ದ್ರವವನ್ನು, ಗೋಡೆಯನ್ನಲ್ಲ. ಹಾಗಾಗಿ ಗುಳ್ಳೆ ಎಲ್ಲಿ ಏರಿ ಕೂರಬಹುದು ಎಂದು ಪೈಪಿನ ದಾರಿಯುದ್ದಕ್ಕೂ ಬೆರಳಾಡಿಸಿ ನೋಡಬೇಕು. ಮೇಲಕ್ಕೆ ಹೋಗಿ ಕೆಳಕ್ಕಿಳಿಯುವ ಪ್ರತಿ ಗೂನೂ ಗುಳ್ಳೆಗೆ ಗೂಡು. ಅಂಥ ಪ್ರತಿ ನೆತ್ತಿಯಿಂದಲೂ ಮೂರು ನಾಲ್ಕು ಮಿಲಿಮೀಟರಿನ ಸಣ್ಣ ಕೊಳವೆಯೊಂದನ್ನು ಏರುಮುಖವಾಗಿ ಟ್ಯಾಂಕಿಗೆ ಒಯ್ಯಬೇಕು. ಎಲ್ಲಕ್ಕಿಂತ ಎತ್ತರದಲ್ಲಿ ಕೂತ ಟ್ಯಾಂಕಿನಲ್ಲಿ ಗುಳ್ಳೆ ಮೇಲೆ ನಿಲ್ಲುತ್ತದೆ, ಗುಳ್ಳೆ ಕಳೆದ ದ್ರವ ತಳದಿಂದ ಪಂಪಿಗೆ ಇಳಿಯುತ್ತದೆ. ಬಾಲ ನೆಲಕ್ಕೆ ತಾಗುವ ಮಾದರಿಯ ವಿಮಾನವಾದರೆ ಮತ್ತೊಂದು ತಮಾಷೆ. ನೆಲದ ಮೇಲೆ ಮೂತಿ ಎತ್ತಿ ನಿಂತಾಗಿನ ನೆತ್ತಿಯೇ ಬೇರೆ, ಸಮನಾಗಿ ಹಾರುವಾಗಿನ ನೆತ್ತಿಯೇ ಬೇರೆ. ಎರಡೂ ಭಂಗಿಯಲ್ಲಿ ಗುಳ್ಳೆಗೆ ದಾರಿ ಇರಬೇಕು.

ಕೂಲಂಟಿನ ಕಾವಿಗೆ ತಕ್ಕಂತೆ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟಾಟ್ ವಿಷಯದಲ್ಲಿ 13ಬಿ ಒಂದು ಬಲೆಯನ್ನೇ ಹರಡಿಟ್ಟಿದೆ. ಆಕಾಶದಲ್ಲಿ ಅದು ಮುಚ್ಚಿಕೊಂಡು ಕೆಟ್ಟರೆ ಗತಿಯೇನು ಎಂದು ಹೆದರಿ ಕೆಲವರು ಅದನ್ನು ಕಿತ್ತೇ ಬಿಡುತ್ತಾರೆ. ಆದರೆ ಅದರ ಕೆಳಗೊಂದು ತೂತಿದೆ. ಎಂಜಿನ್ ತಣ್ಣಗಿರುವಾಗ ಕೂಲಂಟ್ ರೇಡಿಯೇಟರಿಗೆ ಹೋಗದೆ ಆ ತೂತಿನ ಮೂಲಕ ಪಂಪಿಗೆ ಮರಳುತ್ತದೆ, ಬಿಸಿಯಾದಾಗ ಥರ್ಮೋಸ್ಟಾಟಿನ ಅಡಿಯ ಬಿಲ್ಲೆ ಇಳಿದು ತೂತನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ಕಿತ್ತು ತೂತನ್ನು ಹಾಗೇ ಬಿಟ್ಟರೆ ಬಿಸಿ ದ್ರವದ ದೊಡ್ಡ ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಒಳಗೇ ಸುತ್ತುತ್ತದೆ. ಎಂಜಿನ್ ಕಾಯುತ್ತಿದೆ, ರೇಡಿಯೇಟರ್ ದೊಡ್ಡದು ಹಾಕೋಣ ಎಂದು ಹೊರಡುವವರು ಮೊದಲು ಆ ತೂತಿಗೊಂದು ಬಿರಡೆ ಬಿಗಿದಿದೆಯೇ ಎಂದು ನೋಡುವುದು ಒಳ್ಳೆಯದು.

ರೇಡಿಯೇಟರಿಗೆ ಈ ಹವ್ಯಾಸಿಗಳು ಹುಡುಕಿಕೊಂಡ ಸಾಮಾನು ನೋಡಿದರೆ ನಗು ಬರುತ್ತದೆ. ಜನರಲ್ ಮೋಟಾರ್ಸ್ ಕಾರುಗಳ ಏರ್‌ಕಂಡೀಷನರಿನ ಇವ್ಯಾಪರೇಟರ್! ಅಗಲ ಕಡಿಮೆ, ದಪ್ಪ ಜಾಸ್ತಿ, ಹೆಚ್ಚಿನ ಒತ್ತಡ ತಡೆಯಲೆಂದೇ ಮಾಡಿದ್ದು, ಗುಜರಿಯಲ್ಲಿ ಸಿಗುವಂಥದ್ದು. ಅದರ ಸಣ್ಣ ಬಾಯಿಗಳನ್ನು ಕತ್ತರಿಸಿ ದಪ್ಪ ಕೊಳವೆ ಬೆಸುಗೆ ಹಾಕಿ, ಕೌಲಿಂಗಿನ ಎಡಕ್ಕೊಂದು ಬಲಕ್ಕೊಂದು ಕೂರಿಸುತ್ತಾರೆ. ಎರಡನ್ನೂ ಸಾಲಾಗಿ ಜೋಡಿಸಬೇಕೋ ಅಕ್ಕಪಕ್ಕ ಜೋಡಿಸಬೇಕೋ ಎಂಬ ವಾದ ಮುಗಿದದ್ದೇ ಇಲ್ಲ. ಸಾಲಾಗಿ ಇಟ್ಟರೆ ಪೂರ್ತಿ ಹರಿವು ಎರಡರಲ್ಲೂ ಹಾಯುತ್ತದೆ, ಪಂಪ್ ಒದ್ದಾಡುತ್ತದೆ. ಅಕ್ಕಪಕ್ಕ ಇಟ್ಟರೆ ಒಂದೊಂದರಲ್ಲೂ ಅರ್ಧ ಹರಿವು, ತಡೆ ಕಾಲು ಭಾಗಕ್ಕೆ ಇಳಿಯುತ್ತದೆ, ಆದರೆ ಒಂದರ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಹರಿವೆಲ್ಲ ಇನ್ನೊಂದರಲ್ಲೇ ನುಗ್ಗುತ್ತದೆ, ಮೊದಲನೆಯದು ತಣ್ಣಗೆ ಕೂತಿರುತ್ತದೆ. ಎರಡಕ್ಕೂ ಸಮ ಉದ್ದದ ಪೈಪು, ಎರಡರ ನೆತ್ತಿಗೂ ಗಾಳಿ ಕಳೆಯುವ ಕೊಳವೆ ಇದ್ದರೆ ಅಕ್ಕಪಕ್ಕದ ಜೋಡಣೆಯೇ ವಾಸಿ ಎನಿಸುತ್ತದೆ.

ಗಾಳಿಯ ಕಡೆ ಅಡ್ಡಿಯಾಗುವುದು ವಿಮಾನದ ವೇಗ. ಗಂಟೆಗೆ 300 ಕಿಲೋಮೀಟರಿನಲ್ಲಿ ಹಾರುವಾಗ ಗಾಳಿ ತಾನಾಗಿ ನುಗ್ಗುತ್ತದೆ. ಮೇಲೇರುವಾಗ ಎಂಜಿನ್ ಪೂರ್ತಿ ಶಕ್ತಿಯಲ್ಲಿದ್ದರೂ ವೇಗ 185ರ ಸುತ್ತಮುತ್ತ. ಗಾಳಿಯನ್ನು ರೇಡಿಯೇಟರಿನ ಮೂಲಕ ತಳ್ಳುವುದಕ್ಕೆ ಸಿಗುವುದು ಹದಿನಾರು ಸೆಂಟಿಮೀಟರ್ ನೀರಿನ ಕಂಬದಷ್ಟು ಒತ್ತಡ. ಅಷ್ಟರಲ್ಲೇ ಪ್ರತಿ ಸೆಕೆಂಡಿಗೆ ಒಂದೂವರೆ ಕಿಲೋಗ್ರಾಂಗೂ ಹೆಚ್ಚು ಗಾಳಿ ದಾಟಬೇಕು. ಆದ್ದರಿಂದ ಅಳತೆಯೆಲ್ಲ ಏರುವಾಗಿನ ಸ್ಥಿತಿಗೇ. ಸಣ್ಣ ಬಾಯಿಯಿಂದ ಒಳಬಂದ ಗಾಳಿ ನಿಧಾನವಾಗಿ ಅಗಲವಾಗುವ ನಾಳದಲ್ಲಿ ವೇಗ ಕಳೆದುಕೊಂಡು ಒತ್ತಡ ಗಳಿಸಬೇಕು, ಆಮೇಲೆ ರೇಡಿಯೇಟರ್ ಹಾಯಬೇಕು, ಕೊನೆಗೆ ಕಿರಿದಾಗುವ ದಾರಿಯಲ್ಲಿ ಮತ್ತೆ ವೇಗ ಪಡೆದು ಹೊರಬೀಳಬೇಕು. 1930ರ ದಶಕದಲ್ಲಿ ಬ್ರಿಟನ್ನಿನ ಫಾರ್ನ್‌ಬರೋದ ವಿಜ್ಞಾನಿ ಮೆರೆಡಿತ್ ತೋರಿಸಿದ ಹಾಗೆ ಬಿಸಿಯಾದ ಗಾಳಿ ಹಿಂದಕ್ಕೆ ಚಿಮ್ಮಿ ಒಂದಿಷ್ಟು ತಳ್ಳುವಿಕೆಯನ್ನೂ ಕೊಡುತ್ತದೆ. ಮಸ್ಟಾಂಗ್ ಯುದ್ಧವಿಮಾನದ ಹೊಟ್ಟೆಯ ಕೆಳಗಿನ ಗೂಡು ಇದರ ಹೆಸರಾಂತ ಉದಾಹರಣೆ. ಗ್ಯಾರೇಜಿನವರಿಗೆ ಅಷ್ಟೆಲ್ಲ ದಕ್ಕುವುದು ಅಪರೂಪ. ನಾಳದ ಅಂಚುಗಳಲ್ಲಿ ಗಾಳಿ ಸೋರದಂತೆ ಮುಚ್ಚಿದರೂ ಸಾಕು.

ಮೇಲ್ನೋಟಕ್ಕೆ ಕ್ಷುಲ್ಲಕ ಎನಿಸುವ ಹೋಸ್ ಮತ್ತು ಕ್ಲಾಂಪುಗಳು ವಿಮಾನಗಳನ್ನು ಹೊಲಗಳಿಗೆ ಇಳಿಸಿವೆ. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಅಲುಗಾಡುತ್ತಿರುತ್ತದೆ, ರೇಡಿಯೇಟರ್ ವಿಮಾನದ ಚೌಕಟ್ಟಿಗೆ ಬಿಗಿದಿರುತ್ತದೆ. ನಡುವಿನ ಅಲ್ಯೂಮಿನಿಯಂ ಕೊಳವೆಯನ್ನು ಒಂದೇ ತುಂಡಾಗಿ ಜೋಡಿಸಿದರೆ ಬೆಸುಗೆ ಎಂದಾದರೂ ಬಿರುಕು ಬಿಡುವುದು ಖಚಿತ. ಅದಕ್ಕೇ ಅಲ್ಲಲ್ಲಿ ಹೋಸಿನ ತುಂಡು. ಕೊಳವೆಯ ತುದಿಯಲ್ಲಿ ಸುತ್ತ ಉಬ್ಬಿದ ಏಣು ಇರಲೇಬೇಕು, ಕ್ಲಾಂಪ್ ಆ ಏಣಿನ ಒಳಬದಿಗೆ ಕೂರಬೇಕು. ನುಣುಪಾದ ತುದಿಯ ಮೇಲೆ ಎಷ್ಟು ಬಿಗಿದರೂ 1 ಬಾರ್ ಒತ್ತಡ ಮತ್ತು 100 ಡಿಗ್ರಿ ಕಾವು ಹೋಸನ್ನು ಮೆಲ್ಲಗೆ ಕಳಚುತ್ತವೆ. ನಾಲ್ಕಾರು ಸಲ ಕಾದು ತಣ್ಣಗಾದ ಮೇಲೆ ರಬ್ಬರ್ ಅಮುಕಿಕೊಳ್ಳುತ್ತದೆ, ಆಗ ಎಲ್ಲ ಕ್ಲಾಂಪುಗಳಿಗೂ ಮತ್ತೊಂದು ಸುತ್ತು ಸ್ಕ್ರೂ ಡ್ರೈವರ್. ರೋಟರಿಯ ಎಕ್ಸಾಸ್ಟ್ ಪಿಸ್ಟನ್ ಎಂಜಿನ್ನಿನದಕ್ಕಿಂತ ಬಿಸಿ. ಕೆಂಪಗೆ ಕಾದ ಆ ಪೈಪಿನ ನೇರಕ್ಕೆ ಹೋಸ್ ಹಾದುಹೋದರೆ ನಡುವೆ ಲೋಹದ ತಡೆ ಬೇಕು.

ಇಷ್ಟಾಗಿ ಪೈಲಟ್‌ಗೆ ಕಾಣುವುದು ಡ್ಯಾಶ್‌ಬೋರ್ಡಿನ ಎರಡು ಮುಳ್ಳುಗಳು. ತಾಪಮಾನದ ಮುಳ್ಳೊಂದನ್ನೇ ನಂಬುವಂತಿಲ್ಲ. ಹೋಸ್ ಕಳಚಿ ಕೂಲಂಟೆಲ್ಲ ಸೋರಿಹೋದರೆ ಅಳೆಯುವ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಎಂಜಿನ್ ಬೇಯುತ್ತಿರುವಾಗಲೇ ಮುಳ್ಳು ತಣ್ಣಗಿದೆ ಎನ್ನಬಹುದು. ಅದಕ್ಕೆ ಜೊತೆಯಾಗಿ ಕೂಲಂಟಿನ ಒತ್ತಡ ತೋರಿಸುವ ಎರಡನೇ ಮುಳ್ಳು ಬೇಕು. ಕಾವು ಏರಿದಂತೆ ಒತ್ತಡವೂ ಏರಿದರೆ ಸರಿ. ಕಾವು ಹಾಗೇ ಇದ್ದು ಒತ್ತಡ ಇಳಿದರೆ ಎಲ್ಲೋ ಸೋರುತ್ತಿದೆ. ಕಾವು ಹಾಗೇ ಇದ್ದು ಒತ್ತಡ ಮಾತ್ರ ಏರಿದರೆ ರಬ್ಬರ್ ಉಂಗುರ ಸೋತು ಉರಿದ ಅನಿಲ ಒಳನುಗ್ಗುತ್ತಿದೆ. ಎಂಜಿನ್ ಕೆಡುವುದಕ್ಕೆ ನಿಮಿಷಗಳ ಮುಂಚೆಯೇ ಒತ್ತಡದ ಮುಳ್ಳು ಅದನ್ನು ಹೇಳಿರುತ್ತದೆ.

ಹಾಗೊಮ್ಮೆ ಕೂಲಂಟ್ ಪೂರ್ತಿ ಹೋದರೂ ರೋಟರಿ ಒಂದು ಉಪಕಾರ ಮಾಡುತ್ತದೆ. ಪಿಸ್ಟನ್ ಎಂಜಿನ್ನಿನಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡು ನಿಂತುಬಿಡುವ ಭಯವಿದೆ. ಇಲ್ಲಿ ಒಳಗಿನ ರೋಟರ್ ಕಬ್ಬಿಣ, ಸುತ್ತಲಿನ ಮನೆ ಅಲ್ಯೂಮಿನಿಯಂ. ಕಾದಷ್ಟೂ ಮನೆಯೇ ಹೆಚ್ಚು ಹಿಗ್ಗಿ ರೋಟರಿಗೆ ಜಾಗ ಮಾಡಿಕೊಡುತ್ತದೆ. ಶಕ್ತಿ ಕುಗ್ಗಿದರೂ, ಹೊಗೆ ಕಾರಿದರೂ ಅದು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಹತ್ತಿರದ ರನ್‌ವೇ ತಲುಪುವಷ್ಟು ಹೊತ್ತು ಸಿಗಬಹುದು. ಇಳಿದ ಮೇಲೆ ಉದ್ದನೆಯ ಬೋಲ್ಟುಗಳನ್ನು ಬಿಚ್ಚಿ ಉಂಗುರಗಳನ್ನೆಲ್ಲ ಬದಲಿಸಬೇಕಾಗುತ್ತದೆ, ಹೋಸ್ ಕಳಚಿದ ತುದಿಗೆ ಈ ಸಲವಾದರೂ ಏಣು ಮೂಡಿಸಬೇಕಾಗುತ್ತದೆ.